ಸುಣ್ಣದ ಕೆಳಗೆ ಕೂತವನು

ಹೈದರಾಬಾದ್
೧೧ ಜುಲೈ ೧೯೪೩

ಅವ್ವಾ,

ಕಾಗದ ಅಂದರೆ ಮೊದಲು ಕ್ಷೇಮ ಬರೆಯಬೇಕಂತೆ. ಇಲ್ಲಿ ಹಾಸ್ಟೆಲಿನಲ್ಲಿ ಎಲ್ಲರೂ ಹಾಗೇ ಬರೆಯುತ್ತಾರೆ. ನಾನೂ ಬರೆದೆ ಎಂದು ತಿಳಿದುಕೋ. ಪೀರಪ್ಪ ಮಾವ ಓದಿ ಹೇಳುವಾಗ ತನ್ನದೊಂದಿಷ್ಟು ಸೇರಿಸುತ್ತಾನೆ, ಅದನ್ನು ನಂಬಬೇಡ.

ಸಾಲಿ ಶುರುವಾಗಿ ತಿಂಗಳಾಯಿತು. ಕಲಬುರ್ಗಿಯಲ್ಲಿ ಅಂಗಡಿಗಳ ಬೋರ್ಡು ಬರೆಯುತ್ತಿದ್ದವನು ಚಿತ್ರದ ಮದರಸಾದಲ್ಲಿ ಕೂತಿದ್ದೇನೆ. ಮುಂಜಾನೆ ಗೆರೆ, ಮಧ್ಯಾಹ್ನ ಬಣ್ಣ. ನಡುವೆ ಒಂದು ಪಾಠ, ಅದಕ್ಕೆ ತಾರೀಖ್-ಎ-ಫನ್ ಅನ್ನುತ್ತಾರೆ. ಕಲೆಯ ಚರಿತ್ರೆ. ಯಾವ ಗುಡಿ ಯಾವ ಕಾಲದ್ದು, ಯಾವ ಮೂರ್ತಿ ಹೇಗೆ ನಿಂತಿದೆ, ಅದಕ್ಕೆ ಏನು ಅರ್ಥ. ಎಲ್ಲವೂ ಉರ್ದುವಿನಲ್ಲಿ. ಅರ್ಧ ತಿಳಿಯುತ್ತದೆ, ಉಳಿದರ್ಧ ತಿಳಿದಂತೆ ಮುಖ ಮಾಡುತ್ತೇನೆ.

ಕಲಿಸುವವರು ವಜೀರುನ್ನಿಸಾ ಎಂಬ ಹೆಣ್ಣುಮಗಳು. ಕಿಟಕಿಗೆಲ್ಲ ಕರಿ ಬಟ್ಟೆ ಕಟ್ಟಿ, ದೀಪದ ಪೆಟ್ಟಿಗೆಯಿಂದ ಗೋಡೆಯ ಮೇಲೆ ಚಿತ್ರ ಬೀಳಿಸುತ್ತಾರೆ. ಅವರದೊಂದು ಕಾಯ್ದೆ: ಒಂದು ಚಿತ್ರವನ್ನು ಕಾಲು ತಾಸು ಬಾಯಿ ಮುಚ್ಚಿಕೊಂಡು ನೋಡಬೇಕು. ಆಮೇಲೆ ಮಾತು. ಕತ್ತಲಲ್ಲಿ ಕಾಲು ತಾಸು ಸುಮ್ಮನೆ ಕೂಡು ಎಂದು ನನಗೆ ಜನ್ಮದಲ್ಲಿ ಯಾರೂ ಹೇಳಿರಲಿಲ್ಲ. ಮೊದಲ ದಿನ ನಿದ್ದೆ ಹೋದೆ.

ಎರಡನೇ ದಿನ ಒಂದು ಕಂಬದ ಚಿತ್ರ ಬಿತ್ತು. ಕಂಬದ ನೆತ್ತಿಯಲ್ಲಿ ಡೊಳ್ಳು ಹೊಟ್ಟೆಯ ಕುಳ್ಳನೊಬ್ಬ ಇಡೀ ಚಾವಣಿ ಹೊತ್ತು ಕೂತಿದ್ದಾನೆ. ಏನನ್ನಿಸಿತು ಎಂದು ಕೇಳಿದರು. ಒಬ್ಬ ನಜಾಕತ್ತು, ಅಂದರೆ ನಯ, ಅಂದ. ಇನ್ನೊಬ್ಬ ಶಾನು, ಠೀವಿ, ಅಂದ. ನನ್ನ ಸರದಿ ಬಂತು. "ಕುತ್ತಿಗೆ ನೋವು" ಅಂದೆ. ಎಲ್ಲರೂ ನಕ್ಕರು. ವಜೀರುನ್ನಿಸಾ ಬಾಯಿ ಮಾತ್ರ ನಗಲಿಲ್ಲ. "ಯಾರ ಕುತ್ತಿಗೆ?" ಎಂದರು. "ಹೊತ್ತವನದು" ಅಂದೆ. ವಹಿಯಲ್ಲಿ ಏನೋ ಬರೆದುಕೊಂಡರು.

ನನಗೆ ದಣಿವಾಗಿದೆ ಅವ್ವಾ. ಹೊಲದಲ್ಲಿ ದಣಿದರೆ ಇಲ್ಲಿ ದಣಿದೆ ಎಂದು ಮುಟ್ಟಿ ತೋರಿಸಬಹುದು. ಈ ದಣಿವನ್ನು ಎಲ್ಲಿ ಮುಟ್ಟಬೇಕೋ ಗೊತ್ತಿಲ್ಲ. ಒಂದು ಗೋಡೆ ಪೂರ್ತಿ ಪುಸ್ತಕಗಳಿವೆ, ಎಲ್ಲ ಚೆಲುವಿನ ಬಗ್ಗೆ. ಓದುತ್ತಾ ಹೋದರೆ ಕೇರಿಯಲ್ಲಿ ಹುಟ್ಟಿದವನಿಗೆ ಇದು ಯಾಕೆ ಎಂಬ ಪ್ರಶ್ನೆ ಪುಸ್ತಕದೊಳಗಿಂದಲೇ ಎದ್ದು ಬಂದು ಕಪಾಳಕ್ಕೆ ಹೊಡೆಯುತ್ತದೆ.

ಈಗ ವಿಷಯ. ದಸರೆ ಕಳೆದ ಮೇಲೆ ಎಲ್ಲರೂ ತಮ್ಮ ಸೀಮೆಯ ಒಂದು ಹಳೆಯ ಕೆಲಸದ ಬಗ್ಗೆ ಪ್ರಬಂಧ ಬರೆಯಬೇಕು. ಕಣ್ಣಾರೆ ಕಂಡದ್ದನ್ನೇ ಬರೆಯಬೇಕು. ಅದು ಗೆದ್ದರೆ ಎರಡನೇ ವರ್ಷಕ್ಕೆ ಹೆಸರು ಹತ್ತುತ್ತದೆ, ಇಲ್ಲದಿದ್ದರೆ ಪೆಟ್ಟಿಗೆ ಕಟ್ಟಬೇಕು. ನಾನು ಕಣ್ಣಾರೆ ಏನು ಕಂಡಿದ್ದೇನೆ? ಕೊಳಕೂರಿನ ಗುಡಿಯ ಹಿತ್ತಲ ಗೋಡೆ. ಅದೂ ದೂರದಿಂದ.

ಏನಾದರೂ ತೋಚಿದರೆ ಬರೆಸು.

ನಿನ್ನ ಮಗ
ಶಿವರಾಯ


ಸುಣ್ಣದ ಗುಡಿ, ಅಫಜಲಪುರ ತಾಲೂಕು
೨೯ ಆಗಸ್ಟ್ ೧೯೪೩

ಶಿವರಾಯನಿಗೆ ನಿನ್ನ ಸೋದರಮಾವ ಪೀರಪ್ಪ ಬರೆಯುವುದು.

ಮೊದಲು ಒಂದು ಮಾತು. ನಾನು ಸೊಲ್ಲಾಪುರದ ಗಿರಣಿಗೆ ಎರಡು ಬೆರಳು ಕೊಟ್ಟು, ಅಲ್ಲಿ ಕೂಲಿಕಾರರ ಸಂಘದ ಸಾಲಿಯಿಂದ ಅಕ್ಷರ ತಗೊಂಡು ಬಂದವನು. ನನ್ನ ಮಾತನ್ನು ಪುಸ್ತಕದ ಕನ್ನಡದಲ್ಲಿ ಬರೆಯುತ್ತೇನೆ. ಅಕ್ಕ ಹೇಳಿದ್ದನ್ನು ಅಕ್ಕ ಹೇಳಿದಂತೆ ಬರೆಯುತ್ತೇನೆ. ನಾನೇನೂ ಸೇರಿಸುವುದಿಲ್ಲ. ನಿನ್ನ ಕಾಗದದಲ್ಲಿ ಹಾಗೆ ಬರೆದದ್ದನ್ನು ಅಕ್ಕನಿಗೆ ಓದಿ ಹೇಳಲಿಲ್ಲ, ಅಷ್ಟೇ. ಯುದ್ಧದ ದೆಸೆಯಿಂದ ಕಾಗದ ಸಿಗುವುದಿಲ್ಲ. ಇದು ಹಳೆಯ ಕರಪತ್ರದ ಬೆನ್ನು.

ನಾವು ಕೊಳಕೂರಿನಲ್ಲಿ ಇಲ್ಲ. ಕೇರಿಯ ಹದಿನಾಲ್ಕು ಜನ ಮಳೆಗೆ ಮೊದಲೇ ಭೀಮಾ ದಾಟಿ ಇಲ್ಲಿಗೆ ಬಂದಿದ್ದೇವೆ. ಹೊಳೆಯ ದಂಡೆಗೆ ಒಂದು ಹಳೆಯ ಗುಡಿ. ತಲೆತಲಾಂತರದಿಂದ ವರ್ಷ ವರ್ಷ ಸುಣ್ಣ ಹೊಡೆದು ಹೊಡೆದು ಗೇಣು ದಪ್ಪ ಆಗಿದೆ. ಅದರ ಕೆಳಗೆ ಕೆತ್ತನೆ ಇದೆಯಂತೆ. ಸರಕಾರದವರು ಸುಣ್ಣ ಕೆರೆಸುತ್ತಿದ್ದಾರೆ. ಸುಣ್ಣದ ಪುಡಿ ಕಣ್ಣಿಗೆ ಬೀಳುತ್ತದೆ, ಕೈ ಸುಲಿಯುತ್ತದೆ, ಊರವರು ಯಾರೂ ಒಲ್ಲೆ ಅಂದರು. ಆದ್ದರಿಂದ ನಾವು.

ನಾವು ಮುಟ್ಟಬಹುದೇ ಎಂದು ಕೇಳುತ್ತೀಯ. ಮುಟ್ಟಬಹುದು! ದೇವರನ್ನು ಬಟ್ಟೆಯಲ್ಲಿ ಸುತ್ತಿ ಊರೊಳಗಿನ ಮಠಕ್ಕೆ ಒಯ್ದಿದ್ದಾರೆ. ದೇವರು ಇಲ್ಲದ ಗುಡಿ ಬರೀ ಕಲ್ಲಂತೆ. ಕೆಲಸ ಮುಗಿದ ದಿನ ದೇವರು ಬರುತ್ತಾನೆ, ನಾವು ಹೊರಗೆ. ಇಷ್ಟು ಸಲೀಸಾಗಿ ಜಾತಿ ಮಡಚಿ ಪೆಟ್ಟಿಗೆಯಲ್ಲಿ ಇಡಲು ಬರುತ್ತದೆ ಎಂದು ನನಗೂ ಗೊತ್ತಿರಲಿಲ್ಲ.

ಇನ್ನು ಅಕ್ಕ ಹೇಳುವುದು:

"ಶಿವ್ಯಾ, ಕಲಿ ತಗೀಲಾಕ ಇಲ್ಲಿ ಬಂದೇನಿ, ನೀ ಕಲಿ ಕಲೀಲಾಕ ಅಲ್ಲಿ ಹೋಗೀದಿ. ಛಲೋ ಆತು. ಇಲ್ಲಿ ಹಾಜರಿ ಮುನ್ಷಿ ಹಣಮಂತ್ರಾಯ ಅಂತ ಒಬ್ಬಾಂವ ಹನ. ಮೊದಲ ದಿನ ಎಲ್ಲಾರಿಗೂ ಕಬ್ಬಿಣದ ಉಳಿ ಕೊಟ್ಟ. ಭಾಗಮ್ಮ ಒಂದ ಏಟ ಹಾಕಿದಳು, ಸುಣ್ಣದ ಕೂಡ ಒಳಗಿನ ಮೂಗೂ ಬಂತು. ಕಲ್ಲಿನ ಮೂಗು, ಆಕಿ ಅಂಗೈಯಾಗ. ಭಾಗಮ್ಮ ಅತ್ತಳು. ಮುನ್ಷಿ ಬೈದ. ಮರುದಿನ ನಿಮ್ಮಪ್ಪನ ಕ್ವಾಡ ತಂದೆ. ಚಪ್ಪಲಿ ಮ್ಯಾಗ ಗೆರಿ ಎಳೀಲಾಕ ಮಾಡಿಕೊಂಡಿದ್ದನಲ್ಲ, ಸತ್ತ ಎತ್ತಿಂದು, ಅದು. ಮೊದಲ ಒದ್ದಿ ಗೋಣಿ ಕಟ್ಟಿ ಸುಣ್ಣ ನೆನಸೋದು, ಆಮ್ಯಾಗ ಕ್ವಾಡ ಓರಿ ಹಿಡದು ಸರಸೋದು. ಬೆಣ್ಣಿ ಹಂಗ ಬರತದ. ಕಲ್ಲಿಗಿ ಒಂದ ಗೀರ ಬೀಳಂಗಿಲ್ಲ. ಈಗ ಎಲ್ಲಾರ ಕೈಯಾಗೂ ಕ್ವಾಡ."

ಇಲ್ಲಿ ನಾನು ಬಾಯಿ ಹಾಕಬೇಕು. ಮುನ್ಷಿ ಅದನ್ನು ನೋಡಿದ. ಗುಡಿಯ ಕಲ್ಲಿಗೆ ಸತ್ತ ದನದ ಕೋಡು! ಕೈಯಲ್ಲಿ ತಗೊಳ್ಳಲಿಲ್ಲ, ದೂರದಿಂದ ಕೇಳಿದ: "ಇದು ಕಟಗಿ ಅಲ್ಲೇನ್ ಬೇ, ಸಾಬವ್ವ?" ಅಕ್ಕ ಅಂದಳು, "ಹೌದ್ರಿ, ಕರಿಜಾಲಿ ಕಟಗಿ." "ಹಾಂ, ಕಟಗೀನೇ" ಎಂದು ಹಾಜರಿ ಬರೆದು ಹೋದ. ಒಳ್ಳೆಯವನು. ಕುರುಡನಾಗಲು ಗೊತ್ತಿರುವ ಒಳ್ಳೆಯವನು. ಅಕ್ಕನಿಗೆ ಇದು ದೊಡ್ಡ ನಗೆಯ ಮಾತು. ನನಗೆ ಅಲ್ಲ.

"ಆ ಪ್ರಬಂಧಕ್ಕ ಇಲ್ಲಿಂದ ಏನರ ಬೇಕಾದ್ರ ಕೇಳು. ನನ್ನ ಕಣ್ಣಿಗಿ ಸುಣ್ಣದ ಪೊರಿ ಬಂದದ, ಆದ್ರ ಬೆರಳಿಗಿ ಕಾಣತದ."

ಅಕ್ಕನ ಹೆಬ್ಬೆಟ್ಟು ಕೆಳಗಿದೆ.

ಪೀರಪ್ಪ


ಹೈದರಾಬಾದ್
೨೦ ಸೆಪ್ಟೆಂಬರ್ ೧೯೪೩

ಅವ್ವಾ,

ನಿನ್ನ ಕಾಗದವನ್ನು ಮೂರು ಸಲ ಓದಿದೆ. ಪ್ರಬಂಧ ಸಿಕ್ಕಿತು.

ವಜೀರುನ್ನಿಸಾ ಬಾಯಿಯವರಿಗೆ ಹೇಳಿದೆ: ಕಂಡದ್ದು ನಾನಲ್ಲ, ನನ್ನ ತಾಯಿ. ಅವಳೂ ಕಣ್ಣಿಂದ ಅಲ್ಲ, ಕೈಯಿಂದ. ನಡೆಯುತ್ತದೆಯೇ? ಅವರು, "ಸಾಕ್ಷಿ ಖರೆ ಇದ್ದರೆ ಸಾಕು. ಸುಳ್ಳು ಸಾಕ್ಷಿಯ ಪ್ರಬಂಧ ತಂದವನನ್ನು ಆವತ್ತೇ ಹೊರಗೆ ಹಾಕುತ್ತೇನೆ" ಎಂದರು. ಮೃದುವಾಗಿಯೇ ಅಂದರು.

ಈಗ ಕೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡ. ಹೊರಗೋಡೆಯಲ್ಲಿ ಹೆಣ್ಣುಗಳು ಇದ್ದಾರೆಯೇ? ಹೇಗೆ ನಿಂತಿದ್ದಾರೆ? ತಲೆ ಒಂದು ಕಡೆ, ಎದೆ ಒಂದು ಕಡೆ, ಸೊಂಟ ಒಂದು ಕಡೆ ಇದ್ದರೆ ಅದಕ್ಕೆ ತ್ರಿಭಂಗ ಎಂದು ಹೆಸರು. ಮೈ ಮೂರು ಕಡೆ ಮುರಿದಿದೆ ಎಂದರ್ಥ. ಪುಸ್ತಕಗಳು ಇದನ್ನು ಹೊಗಳಿ ಹೊಗಳಿ ಸುಸ್ತಾಗಿವೆ. ಕೈಯಲ್ಲಿ ಬಳೆ ಎಷ್ಟು? ಕಾಲ ಬೆರಳಿಗೆ ಏನಾದರೂ ಇದೆಯೇ?

ಒಂದು ವಿಷಯ ನನಗೆ ತಿಳಿಯುತ್ತಿಲ್ಲ. ಇಲ್ಲಿ ಪ್ರತಿ ಪಾಠದ ಕೊನೆಗೆ, ಇದಕ್ಕೆ ಬೆಲೆ ಕಟ್ಟಲಾಗದು ಅನ್ನುತ್ತಾರೆ. ಬೆಲೆ ಕಟ್ಟಲಾಗದ್ದನ್ನು ಕೆರೆಯುವವರ ಕೈ ಸುಲಿದರೆ ಎಣ್ಣೆ ಕೊಡುವವರಿಲ್ಲ. ನಾನು ಸಿಟ್ಟಿನಿಂದ ನೋಡುತ್ತಿದ್ದೇನೋ, ಚಿತ್ರವನ್ನೇ ನೋಡುತ್ತಿದ್ದೇನೋ? ಚೆಲುವಿನ ಮುಂದೆ ಕೂತು ಸಿಟ್ಟು ಬಂದರೆ ಅದು ನನ್ನ ತಪ್ಪೇ? ಕೆಲವು ದಿನ ಮಾತ್ರ, ಹತ್ತನೆಯ ನಿಮಿಷಕ್ಕೋ ಹನ್ನೆರಡನೆಯ ನಿಮಿಷಕ್ಕೋ, ಗೋಡೆಯ ಮೇಲಿನ ಬೆಳಕು ಒಂದು ಕಲ್ಲಿನ ಭುಜದ ಮೇಲೆ ಕೂತಿರುತ್ತದೆ, ಸಿಟ್ಟು ಎಲ್ಲಿ ಹೋಯಿತೋ ಹುಡುಕಬೇಕಾಗುತ್ತದೆ. ಆಮೇಲೆ ಅದಕ್ಕೇ ನಾಚಿಕೆ.

ಇದಕ್ಕೆ ಮಾವ ಏನನ್ನುತ್ತಾನೆ ಎಂಬುದು ನನಗೆ ಗೊತ್ತು. ಬರೆಯುವುದು ಬೇಡ ಎಂದು ಹೇಳು.

ಶಿವರಾಯ


ಸುಣ್ಣದ ಗುಡಿ
೨೪ ಅಕ್ಟೋಬರ್ ೧೯೪೩

ಶಿವರಾಯನಿಗೆ,

ಬರೆಯುವುದು ಬೇಡ ಅಂದಿದ್ದೀಯ, ಬರೆಯುತ್ತಿಲ್ಲ. ಅಕ್ಕ ಹೇಳುವುದು:

"ಅವ್ರು ಮೂರು ಕಡಿ ಮುರಕೊಂಡ ನಿಂತಿಲ್ಲೋ. ಬಗಲಾಗ ಕೂಸು ಎತ್ತಿಕೊಂಡ ಹೆಂಗಸು ಹ್ಯಾಂಗ ನಿಂದರತಾಳ? ಸೊಂಟ ಹೊರಗ ಹಾಕಿ, ಹೆಗಲ ಈ ಕಡಿ ವಾಲಿಸಿ. ಹಂಗ ನಿಂತಾರ. ಕೂಸಿಲ್ಲ, ಅಷ್ಟ. ನಿಮ್ಮ ಪುಸ್ತಕದವರು ಕೂಸು ಎತ್ತಿಲ್ಲೇನು?

ಬಳಿ ಕೇಳೀದಿ. ಒಂದ ಕೈಯಾಗ ಐದು, ಇನ್ನೊಂದರಾಗ ನಾಕು. ಒಂದ ಒಡದದ, ಇಲ್ಲಾ ಕಡದಾಂವಗ ಮರತದ.

ಈ ವಾರ ಒಬ್ಬಾಕಿ ಸಿಕ್ಕಳು. ಒಂಟಿ ಕಾಲ ಮ್ಯಾಗ ನಿಂತಾಳ, ಇನ್ನೊಂದ ಕಾಲ ಎತ್ಯಾಳ. ಮುಳ್ಳು ಚುಚ್ಚ್ಯಾದ. ನಮ್ಮ ಚಪ್ಪಲಿ ಹಾಕ್ಕೊಂಡಿದ್ರ ಚುಚ್ಚತಿರಲಿಲ್ಲ, ಅದು ಬಿಡು. ಕಾಲ ಕೆಳಗ ಸುಣ್ಣ ಭಾಳ ದಪ್ಪ ಇತ್ತು. ಮೂರು ದಿನ ಗೋಣಿ ಕಟ್ಟಿ ನೆನಸಿದೆ. ಏನೋ ಗುಂಡು ಗುಂಡು ಹತ್ತಿತು ಬೆರಳಿಗಿ. ಮೊಣಕಾಲು. ಆಮ್ಯಾಗ ಒಂದ ತಲಿ. ಒಬ್ಬಾಂವ ಕುಂತಾನ ಅಲ್ಲಿ! ಗೇಣುದ್ದ ಹನ. ಆಕಿ ಕಾಲ ತೊಡಿ ಮ್ಯಾಗ ಇಟಕೊಂಡು ಮುಳ್ಳು ತಗೀಲಾಕತ್ಯಾನ. ಹಲ್ಲು ಕಚ್ಚ್ಯಾನ. ಆಕಿಗಿ ನೋವಾಗಬಾರದಂತ ಇವನ ಮಾರಿ ಹಿಂಡ್ಯಾದ. ಕೈ ಮುಟ್ಟಿ ನೋಡಿದೆ, ಹೆಬ್ಬಟ್ಟಿನ ಬುಡಕ ಗಂಟದ. ಕೆಲಸ ಮಾಡಿದ ಕೈ ಅದು. ಆ ಗಂಟ ನಿಮ್ಮಪ್ಪಗ ಇತ್ತು."

ಇಲ್ಲಿ ಅಕ್ಕ ಎದ್ದು ಹೋಗಿ ಒಲೆಗೆ ಕಟ್ಟಿಗೆ ಇಟ್ಟು ಬಂದಳು.

"ನಾ ಕೂಗಿದೆ. ಎಲ್ಲಾರೂ ಕೆಲಸ ಬಿಟ್ಟು ಬಂದರು. ಭಾಗಮ್ಮ ಅಂದಳು, 'ನೋಡವ್ವ, ಈ ಮಾರಾಯ್ತಿ ಮುಗಲ ನೋಡಕೋತ ನಿಂತಾಳ, ನಮ್ಮಾಂವ ಕೆಳಗ ಕುಂತು ಬೆವರ ಹರಸ್ಯಾನ.' ಎಲ್ಲಾರೂ ನಕ್ಕೇವಿ. ಮುನ್ಷೀನೂ ನಕ್ಕ. ಭಾಳ ಹೊತ್ತು ನೋಡಿದೇವಿ. ಅಷ್ಟೊತ್ತು ಬೆನ್ನ ನೋಯಲಿಲ್ಲ, ಶಿವ್ಯಾ. ಕಲಿ ಅಂದ್ರ ಏನು, ಅದರಿಂದ ಏನಾಗತದ ಅಂತ ಕೇಳೀದೆಲ್ಲ. ನನಗ ಗೊತ್ತಾದದ್ದು ಇಷ್ಟು."

ಬೆನ್ನು ನೋಯಬಾರದಾದರೆ ಕೆಲಸದ ತಾಸು ಕಡಿಮೆ ಮಾಡಬೇಕು, ಅದು ನನ್ನ ಅಭಿಪ್ರಾಯ. ಆದರೆ ನಾನೂ ನೋಡಿದೆ. ಕೂತವನನ್ನು ನೋಡಿದೆ. ಒಂದು ಸಾವಿರ ವರ್ಷದಲ್ಲಿ ಅವನಿಗೆ ಯಾರೂ ಎದ್ದೇಳು ಅಂದಿಲ್ಲ.

ಅಕ್ಕನ ಹೆಬ್ಬೆಟ್ಟು ಒತ್ತಿಸಿದೆ. ಗೆರೆ ಮೂಡುತ್ತಿಲ್ಲ, ಮಸಿಯ ಬೊಟ್ಟು ಅಷ್ಟೇ. ಸುಣ್ಣ ತಿಂದಿದೆ.

ಪೀರಪ್ಪ


ಹೈದರಾಬಾದ್
೧೨ ಡಿಸೆಂಬರ್ ೧೯೪೩

ಅವ್ವಾ, ಮಾವಾ,

ಪ್ರಬಂಧ ಮುಗಿಯಿತು. ಒಂಬತ್ತು ಸಲ ಬರೆದೆ. ಕೂತವನ ಬಗ್ಗೆ ಬರೆದೆ, ಅವನ ಹೆಬ್ಬೆಟ್ಟಿನ ಗಂಟಿನ ಬಗ್ಗೆ ಬರೆದೆ. ಇಲ್ಲಿಯ ಪುಸ್ತಕಗಳಲ್ಲಿ ಮುಳ್ಳು ಚುಚ್ಚಿದ ಹೆಣ್ಣುಗಳು ಏಳು ಸಿಕ್ಕರು. ಅವರ ತುಟಿ, ಹುಬ್ಬು, ನಡು ಎಲ್ಲದರ ವರ್ಣನೆ ಇದೆ. ಮುಳ್ಳು ತೆಗೆಯುವವನಿಗೆ ಒಂದು ಸಾಲು: 'ಪಕ್ಕದಲ್ಲಿ ಸೇವಕ.' ನಾನು ಅವನಿಗೆ ಎರಡು ಪುಟ ಕೊಟ್ಟಿದ್ದೇನೆ.

ಕೋಡಿನ ಬಗ್ಗೆಯೂ ಬರೆದೆ. ಉಳಿಯಿಂದ ಮೂಗು ಹೋದದ್ದು, ನೀನು ಅಪ್ಪನ ಕೋಡು ತಂದದ್ದು, ಎಲ್ಲ. ಯಾಕೆ ಬಿಡಲಿ? ಈ ದೊಡ್ಡ ವಿದ್ವಾಂಸರಿಗೆ ಹೊಳೆಯದ ಉಪಾಯ ಚಪ್ಪಲಿ ಹೊಲಿಯುವವನ ಹೆಂಡತಿಗೆ ಹೊಳೆಯಿತು ಎಂದು ಖುಷಿಯಿಂದ ಬರೆದೆ. ನಿನ್ನ ಹೆಸರು ಬರೆದೆ: ಸಾಬವ್ವ, ಕೊಳಕೂರ.

ವಜೀರುನ್ನಿಸಾ ಬಾಯಿ ಅದನ್ನು ತರಗತಿಯಲ್ಲಿ ಓದಿದರು. ಯಾರೂ ನಗಲಿಲ್ಲ. ಎರಡನೇ ವರ್ಷಕ್ಕೆ ನನ್ನ ಹೆಸರು ಹತ್ತಿತು. ಅವರೇ ಅದನ್ನು ಇಲ್ಲಿಯ ಒಂದು ಪತ್ರಿಕೆಗೆ ಕಳಿಸಿದ್ದಾರೆ, ಅಚ್ಚಾಗುತ್ತದೆ. ಹೆದರಬೇಡಿ, ಉರ್ದು ಪತ್ರಿಕೆ. ಆ ಹೊಳೆದಂಡೆಯ ಊರಲ್ಲಿ ಯಾರು ಓದುತ್ತಾರೆ?

ಖುಷಿಯಾಗಿದ್ದೇನೆ. ಖುಷಿಯೂ ದಣಿಸುತ್ತದೆ ಎಂದು ಈಗ ಗೊತ್ತಾಯಿತು.

ಶಿವರಾಯ


ಸುಣ್ಣದ ಗುಡಿ
೨೦ ಫೆಬ್ರುವರಿ ೧೯೪೪

ಶಿವರಾಯ,

ಇದು ನನ್ನ ಕಾಗದ. ಅಕ್ಕ ಏನೂ ಹೇಳಿಸಿಲ್ಲ.

ಹತ್ತು ದಿನದ ಹಿಂದೆ, ಈ ಸುಣ್ಣ ಕೆರೆಸುವ ಸರಕಾರಿ ಇಲಾಖೆಯ ಒಬ್ಬ ಸಾಹೇಬ ಮೋಟಾರಿನಲ್ಲಿ ಬಂದ. ಬಗಲಲ್ಲಿ ನಿನ್ನ ಪತ್ರಿಕೆ. ಒಳ್ಳೆಯ ಮನುಷ್ಯ. ಇಡೀ ಊರು ನಿಂತಿರುವಾಗ ನಗುತ್ತ ಕೇಳಿದ, "ಕೋಡಿನ ಸಾಬವ್ವ ಯಾರು? ಅವಳ ಕೈ ನೋಡಬೇಕು." ಮುನ್ಷಿ ಹಣಮಂತ್ರಾಯನ ಮುಖದಲ್ಲಿ ರಕ್ತ ಉಳಿಯಲಿಲ್ಲ. ಸಾಹೇಬ ಅಕ್ಕನ ಫೋಟೋ ತೆಗೆದ, ಕೋಡಿನ ಫೋಟೋ ತೆಗೆದ, ಶಾಬಾಸ್ ಅಂದ, ಹೋದ.

ಮೋಟಾರಿನ ಧೂಳು ಕೂಡುವ ಮೊದಲೇ ಶುರುವಾಯಿತು. ದೇವರ ಕಲ್ಲಿಗೆ ಸತ್ತ ದನದ ಕೋಡು! ಊರವರು ನಮ್ಮನ್ನು ಅಂಗಳದಿಂದ ಅಟ್ಟಿದರು. ಭಾಗಮ್ಮನ ಬೆನ್ನಿಗೆ ಕಲ್ಲು ಬಿತ್ತು. ಹೊಳೆಗೆ ಇಳಿಯುವ ದಾರಿ ಬಂದ್. ಎರಡು ಹರದಾರಿ ಕೆಳಗೆ ಹೋಗಿ ನೀರು ತರುತ್ತಿದ್ದೇವೆ. ಈಗ ಅವರ ನಿರ್ಣಯ ಕೇಳು: ಕೋಡು ಮುಟ್ಟಿದ ಕಲ್ಲಿಗೆ ಸುಣ್ಣವೇ ಶುದ್ಧಿ. ಇಡೀ ಗೋಡೆಗೆ ಮತ್ತೆ ಸುಣ್ಣ ಬಳಿಯುತ್ತಾರೆ. ಎಂಟು ತಿಂಗಳು ಕೆರೆದದ್ದೆಲ್ಲ ಮತ್ತೆ ಒಳಗೆ. ಆ ಸಾಹೇಬನಿಗೆ ಮುನ್ಷಿ ತಾರು ಕೊಟ್ಟ. ಸ್ಥಳೀಕರ ಭಾವನೆಗೆ ಅಡ್ಡ ಬರಬೇಡಿ ಎಂದು ಉತ್ತರ ಬಂತು.

ಊರ ಮಾಲಿಪಾಟೀಲ ಮಲ್ಲಣ್ಣ ಬುದ್ಧಿವಂತ. ಅವನಿಗೆ ಸುಣ್ಣ ಬಳಿಯುವುದು ಬೇಡ. ಕೆತ್ತನೆ ಇದ್ದರೆ ದೊಡ್ಡವರು ಬರುತ್ತಾರೆ, ಊರಿಗೆ ಹೆಸರು. ಅವನಿಗೊಂದು ನೆಪ ಬೇಕು. ನನ್ನನ್ನು ಕರೆಸಿ ಹೇಳಿದ: "ನಿನ್ನ ಅಳಿಯ ಒಂದ ಕಾಗದ ಬರದ ಕೊಡಲಿ. ಕ್ವಾಡ ಇರಲಿಲ್ಲ, ಕತಿ ಕಟ್ಟಿ ಬರದೇನಿ ಅಂತ. ಚಾವಡ್ಯಾಗ ಓದಸ್ತೇನಿ. ಆ ಹೈದರಾಬಾದ್ ಪತ್ರಿಕಿಗೂ ಹಂಗೇ ಬರೀಲಿ. ಕಲ್ಲೂ ಉಳೀತಾವ, ನಿಮ್ಮ ಕೆಲಸಾನೂ ಉಳೀತದ." ಯುಗಾದಿಯ ತನಕ ಕಾಯುತ್ತಾನಂತೆ.

ಕೇರಿಯವರು ಬರೆಯಲಿ ಅನ್ನುತ್ತಾರೆ. ನಾನು, ಅಕ್ಕ ಬಿಟ್ಟು ಉಳಿದ ಹನ್ನೆರಡು ಜನರೂ. ನಾನು ಬರೆ ಅನ್ನುವುದಿಲ್ಲ, ಬರೆಯಬೇಡ ಅಂತಲೂ ಅನ್ನುವುದಿಲ್ಲ. ಸೊಲ್ಲಾಪುರದಲ್ಲಿ ಭಾಷಣ ಮಾಡಿದವನು ನಾನು. ಈಗ ನೀರು ಹೊರುತ್ತೇನೆ.

ಒಂದು ಕೇಳುತ್ತೇನೆ. ಅದು ಕಟ್ಟಿಗೆ ಎಂದು ಅಕ್ಕ ಹೇಳಿದ್ದು ನಿನಗೆ ಗೊತ್ತಿತ್ತು. ನಾನೇ ಬರೆದಿದ್ದೆ. ಅಚ್ಚು ಹಾಕಿಸುವ ಮೊದಲು ಒಂದು ಕಾಗದ ಹಾಕಿ ಕೇಳಲು ನಿನಗೆ ಏನಾಗಿತ್ತು, ಲೇ?

ಪೀರಪ್ಪ


ಹೈದರಾಬಾದ್
೨ ಮಾರ್ಚ್ ೧೯೪೪

ಮಾವಾ,

ಏನಾಗಿತ್ತು ಎಂದರೆ ಹೊಗಳಿಕೆ ಆಗಿತ್ತು. ಬೇರೆ ಕಾರಣ ಹುಡುಕಿದೆ, ಸಿಗಲಿಲ್ಲ. ಅವ್ವನ ಸತ್ಯವನ್ನು ನನ್ನ ಸತ್ಯ ಮಾಡಿಕೊಂಡು ಮೆರೆದೆ.

ಇದರ ಜೊತೆ ಪಾಟೀಲ ಕೇಳಿದ ಕಾಗದ ಇದೆ: 'ಕೊಳಕೂರಿನ ಶಿವರಾಯ, ತಂದೆ ದಿವಂಗತ ಮರೆಪ್ಪ, ಬರೆದುಕೊಡುವುದು ಏನೆಂದರೆ, ಗುಡಿಯ ಸುಣ್ಣವನ್ನು ದನದ ಕೋಡಿನಿಂದ ಕೆರೆದರು ಎಂದು ನಾನು ಬರೆದದ್ದು ನನ್ನ ಕಲ್ಪನೆ. ಅದು ಕಟ್ಟಿಗೆ ಇತ್ತು. ನಾನು ಅಲ್ಲಿರಲಿಲ್ಲ, ನೋಡಿಲ್ಲ.' ಕೊನೆಯ ಎರಡು ಮಾತು ಖರೆ.

ಇದನ್ನು ಓದಿಸಿರಿ. ಓದಿಸಿದ ಸುದ್ದಿ ಬಂದ ದಿನ ಎರಡನೇ ಪ್ರತಿಯನ್ನು ಪತ್ರಿಕೆಗೆ ಕೊಡುತ್ತೇನೆ. ಸುಳ್ಳು ಸಾಕ್ಷಿಗೆ ಇಲ್ಲಿ ಏನು ಶಿಕ್ಷೆ ಎಂದು ನಿಮಗೆ ಗೊತ್ತಿದೆ. ಬಾಯಿಯವರಿಗೆ ನಿಜ ಹೇಳಬಹುದಲ್ಲ ಅನ್ನಬೇಡ. ಅವರಿಗೆ ಹೇಳಿದರೆ ಅವರು ಆ ಸಾಹೇಬನಿಗೆ ಬರೆಯುತ್ತಾರೆ, ಮತ್ತೆ ಮೋಟಾರು, ಮತ್ತೆ ಶಾಬಾಸ್, ಮತ್ತೆ ಕಲ್ಲು. ಒಳ್ಳೆಯವರಿಂದ ನಮಗೆ ಬೀಳುವ ಏಟಿಗೆ ಔಷಧವಿಲ್ಲ.

ಬೋರ್ಡು ಬರೆಯುವ ಕೈ ಇನ್ನೂ ಹೋಗಿಲ್ಲ. ಕಲಬುರ್ಗಿಗೆ ಬರುತ್ತೇನೆ. ಕೂತವನು ಸುಣ್ಣದ ಹೊರಗೆ ಉಳಿಯಲಿ. ನಾನು ಅವನನ್ನು ನೋಡಿಯೂ ಇಲ್ಲ. ಆದರೂ ಒಂದು ಕಲ್ಲಿಗಾಗಿ ಸಾಲಿ ಬಿಡುತ್ತಿದ್ದೇನೆ. ಕಲೆಯ ಬೆಲೆ ಏನು ಎಂದು ಪರೀಕ್ಷೆಯಲ್ಲಿ ಕೇಳಿದ್ದರೆ ಎರಡು ಪುಟ ಬರೆಯುತ್ತಿದ್ದೆ. ಈಗ ಕೇಳಿದರೆ ಬರೆಯಲಾರೆ.

ಅವ್ವನಿಗೆ ಏನು ಹೇಳಲಿ? ನೀನೇ ಹೇಳು.

ಶಿವರಾಯ


ಕೊಳಕೂರ, ಜೇವರ್ಗಿ ತಾಲೂಕು
೨೯ ಮಾರ್ಚ್ ೧೯೪೪

ಶಿವರಾಯನಿಗೆ,

ಮೇಲಿನ ಊರು ನೋಡಿ ತಿಳಿದಿರುತ್ತದೆ. ನಾವು ಹಿಂದಿರುಗಿದ್ದೇವೆ. ನಡೆದದ್ದನ್ನು ನಾನು ಬರೆಯುತ್ತೇನೆ, ಕೊನೆಗೆ ಅಕ್ಕ ಹೇಳಿಸುತ್ತಾಳೆ.

ನಿನ್ನ ಕಾಗದ ಬಂದ ದಿನ ಓದಿ ಹೇಳಿದೆ. ಅಕ್ಕ ಜೋಳ ಹಸನು ಮಾಡುತ್ತಿದ್ದಳು. "ಪತ್ರಿಕಿಗಿ ಕೊಟ್ರ ಸಾಲ್ಯಾಗ ಏನಂತಾರ?" ಎಂದಳು. ಹೆಸರು ತೆಗೆಯುತ್ತಾರೆ ಅಂದೆ. ಮೊರವನ್ನು ಪಕ್ಕಕ್ಕಿಟ್ಟು ಎದ್ದಳು. "ನಡಿ, ಚಾವಡಿಗಿ." ನಾನು ಅಂದುಕೊಂಡೆ, ಓದಿಸಲು ಹೊರಟಳು.

ಚಾವಡಿಯಲ್ಲಿ ಊರು ನೆರೆದಿತ್ತು. ಮುನ್ಷಿ ಒಂದು ಮೂಲೆಯಲ್ಲಿ. ನಾವು ಕೆಳಗೆ ಬಿಸಿಲಲ್ಲಿ ನಿಂತೆವು. ಪಾಟೀಲ ಮಲ್ಲಣ್ಣ ಸಲೀಸಾಗಿಯೇ ಕೇಳಿದ, "ಏನ್ ಬೇ ಸಾಬವ್ವ, ಮಗಾ ಬರದಾನಂತ?"

"ಬರದಾನ್ರಿ. ಓದಬ್ಯಾಡ್ರಿ."

"ಯಾಕ?"

"ಸುಳ್ಳ ಬರದಾನ."

ಪಾಟೀಲ ನಕ್ಕ. "ಹುಚ್ಚಿ, ಅದು ಓದಿದ್ರ ನಿಮಗೇ ಕೆಲಸ. ತಿಳೀತೇನು? ಕುಂಡ್ರು, ಬಾಯಿ ಮುಚ್ಚು."

"ತಿಳೀತದ್ರಿ. ಆದ್ರ ಕ್ವಾಡ ಖರೆ. ಕಟಗಿ ಅಂದಾಕಿ ನಾ. ಮೊದಲನೇ ಸುಳ್ಳ ನಂದು, ಅದಕ್ಕ ಅವನ ಸುಳ್ಳ ಯಾಕ ಹೊಲಿಯೂದು? ನಿಮ್ಮ ಉಳಿ ಒಂದ ಮೂಗ ಮುರೀತು. ಕ್ವಾಡ ಒಂದ ಉಗುರೂ ಮುರೀಲಿಲ್ಲ. ಇದರಾಗ ಮೈಲಿಗಿ ಯಾವದು, ನೀವ ಹೇಳ್ರಿ."

ಪಾಟೀಲ ನನ್ನತ್ತ ಕೈ ಚಾಚಿದ, ಕಾಗದ ಕೊಡು ಎಂದು. ನಾನು ಅಕ್ಕನನ್ನು ನೋಡಿದೆ. ಕೊಡಲಿಲ್ಲ. ಸೊಲ್ಲಾಪುರದಲ್ಲಿ ಎಂಟು ವರ್ಷ ಕಲಿತದ್ದು ಆ ಒಂದು ಗಳಿಗೆಗೆ ಬೇಕಾಗಿತ್ತೇನೋ.

ಮರುದಿನ ಸುಣ್ಣ ಕಲಸಿದರು. ಊರವರೇ ಬಳಿದರು. ಈಗ ಕಣ್ಣಿಗೆ ಬೀಳುವ ಪುಡಿ ಯಾರಿಗೂ ತೊಂದರೆ ಮಾಡಲಿಲ್ಲ. ನಾವು ದೂರದಲ್ಲಿ, ಹೊಳೆಯ ನಡು ಮರಳಿನಲ್ಲಿ ನಿಂತು ನೋಡಿದೆವು. ಅಷ್ಟು ದೂರದಿಂದ ಯಾರು ಯಾವಾಗ ಮುಚ್ಚಿದರು ಎಂದು ತಿಳಿಯುವುದಿಲ್ಲ. ಬೆಳ್ಳಗಾಗುತ್ತ ಹೋಯಿತು, ಅಷ್ಟೇ. ಮುನ್ಷಿ ಹಣಮಂತ್ರಾಯ ದಂಡೆಯ ತನಕ ಬಂದು ತಿರುಗಿ ಹೋದ.

ಭೀಮಾ ಬತ್ತಿದೆ, ಮರಳಿನಲ್ಲಿ ನಡೆದು ಬಂದೆವು. ಭಾಗಮ್ಮ ನಮಗಿಂತ ಬಹಳ ಮುಂದೆ ನಡೆದಳು. ಅಕ್ಕ ಕೂಗಿದಾಗ ಒಂದೇ ಸಲ ತಿರುಗಿದಳು. "ನಿನ್ನ ಮಗನ ಸಾಲಿ ಉಳೀತು, ನಿನ್ನ ಮಾತೂ ಉಳೀತು. ನನ್ನ ಮಕ್ಕಳ ಹೊಟ್ಟಿ ನೀ ಕೇಳಿದೇನ್ ಬೇ?" ಅಷ್ಟು ಹೇಳಿ ಮತ್ತೆ ಮುಂದೆ ನಡೆದಳು.

ಅಕ್ಕ ಹೇಳುವುದು:

"ಶಿವ್ಯಾ, ನಿನ್ನ ಹತ್ರ ಇರೋ ಆ ಇನ್ನೊಂದ ಕಾಗದ ಹರದ ಒಗಿ. ಸಾಲಿ ಬಿಡಬ್ಯಾಡ. ಬಿಟ್ಟ ಬಂದ್ರ ಮನ್ಯಾಗ ಕರಕೊಳ್ಳಂಗಿಲ್ಲ. ಕತ್ತಲ್ಯಾಗ ಕುಂತು ನೋಡು, ಕಾಲು ತಾಸು ಅಲ್ಲ, ಒಂದ ತಾಸು ನೋಡು. ಸಿಟ್ಟು ಬಂದ್ರ ಬರಲಿ, ಹೋದ್ರ ಹೋಗಲಿ, ಅದಕ್ಯಾಕ ನಾಚಿಕಿ?

ಇನ್ನ ಮ್ಯಾಗ ಯಾರ ಕೈ ಬಗ್ಗಿ ಬರದ್ರೂ, ಆ ಕೈ ಇದ್ದವರ್ನ ಮೊದಲ ಕೇಳು. ಅವರು ಬ್ಯಾಡಂದ್ರ ಬರೀಬ್ಯಾಡ, ಎಷ್ಟ ಛಲೋ ಇದ್ರೂ.

ನೀ ನನಗ ಕೇಳಲಿಲ್ಲ ಅಂತ ಸಿಟ್ಟ ಇತ್ತು. ಈಗಿಲ್ಲ. ಚಾವಡಿಗಿ ಹೋಗೂ ಮುಂದ ನಾ ಭಾಗಮ್ಮಗ ಕೇಳಲಿಲ್ಲ. ಹದಿಮೂರ ಮಂದ್ಯಾಗ ಒಬ್ಬರಿಗೂ ಕೇಳಲಿಲ್ಲ. ಖರೆ ಹೇಳಿದೆ, ಖರೆ, ಆದ್ರ ಅವರ ಒಲಿ ಆರಿಸಿ ಹೇಳಿದೆ. ನೀ ಮಾಡಿದ್ದ, ನಾ ಮಾಡಿದ್ದ ಎರಡೂ ಒಂದ.

ನಾಳೆ ಮುಂಜಾನೆ ಆಕಿ ಮನಿಗಿ ಹೋಗತೇನಿ. ಬಾಗಲಾ ತೆರೀಲಿಕ್ಕಿಲ್ಲ. ಹೊರಗ ಕುಂಡರತೇನಿ."

ಅಕ್ಕ ಹೆಬ್ಬೆಟ್ಟು ಒತ್ತಲಿಲ್ಲ. ಹೇಳಿದ್ದು ತಾನೇ ಎಂದು ಮಗನಿಗೆ ತಿಳಿಯುತ್ತದೆ ಅಂದಳು.

ಪೀರಪ್ಪ